ಕೆಂಚನ ಗಂಜಿ

ಬಿಳಿಗೆರೆ
೧೨ ಫೆಬ್ರವರಿ ೨೦೨೫

ನನ್ನವ್ವ ವನಜಾ,

ಹೇಗಿದ್ದೀಯೆ? ತಲೆನೋವು ಹೋಯಿತೇ? ಮಾಯಸಂದ್ರದಲ್ಲಿ ನಿನ್ನಮ್ಮನಾದರೂ ಗದರಿಸಿ ಎರಡು ತುತ್ತು ಹೆಚ್ಚು ಉಣಿಸುತ್ತಿದ್ದಾರಾ? ನಿನ್ನ ಮಾವ, ಮೈದುನ ಸಿದ್ಧಾರ್ಥ, ನಾನು ಎಲ್ಲ ಇದ್ದೇವೆ. ಫೋನು ಮಾಡಿದರೆ ಇಬ್ಬರೂ ಅಳುವುದೇ ಆಗುತ್ತದೆ, ಮಾತಾಗುವುದಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಕೆಂಚನ ಸುದ್ದಿ ಕೇಳು. ನಮ್ಮ ಸೀನ ಹೋಗಿ ವರ್ಷ ತುಂಬಿದ ಕಾರ್ಯ ಮುಗಿಸಿಕೊಂಡು ನೀನು ತವರಿನ ಬಸ್ಸು ಹತ್ತಿದೆಯಲ್ಲ, ಆ ನಾಯಿ ರಸ್ತೆ ನೋಡುತ್ತ ಕೂತುಬಿಟ್ಟಿತು. ಊರಿಗೆಲ್ಲ ಬಡಿಸಿ, ನನ್ನ ಮಗ ಮರಿಯಲ್ಲಿ ಎತ್ತಿ ತಂದ ನಾಯಿಯ ಬಾಯಿ ಕಟ್ಟಲು ಮನಸ್ಸು ಬರಲಿಲ್ಲ. ಸೀನನ ಎಡೆಗಿಟ್ಟಿದ್ದ ಕಾಯಿಹೋಳಿಗೆ ಮುರಿದು ಹಾಕಿದೆ. ಅಷ್ಟೇ! ಸಂಜೆಗೇ ವಾಂತಿ, ಭೇದಿ. "ತೆಂಗಿನ ಸೀಮೇಲಿ ಹುಟ್ಟಿ ಕಾಯಿ ದಕ್ಕದ ನಾಯಿ ಇದೊಂದೇ ಕಣೇ. ಗೊತ್ತಿದ್ದೂ ಹಾಕ್ದಲ್ಲ, ನಿನ್ ಕೈ ಸೇದೋಗ!" ಎಂದು ನಿನ್ನ ಮಾವ ಬೈದರು. ಬೈಯುತ್ತಲೇ ಅದರ ಹೊಟ್ಟೆ ಸವರುತ್ತಿದ್ದರು ಅನ್ನು. ಸಿದ್ಧಾರ್ಥ ಆಟೋದಲ್ಲಿ ತಿಪಟೂರಿಗೆ ಕರೆದುಕೊಂಡು ಹೋದ. ಡಾಕ್ಟರು ಔಷಧಿ ಕೊಟ್ಟು, ನೀನು ಮಾಡುತ್ತಿದ್ದುದನ್ನೇ ಹೇಳಿ ಕಳಿಸಿದರಂತೆ. ಮೆತ್ತಗೆ ಬೆಂದ ಅನ್ನ, ಸಿಹಿಗುಂಬಳ, ಸಪ್ಪೆ ಕೋಳಿ. ಕಾಯಿ, ಎಣ್ಣೆ, ಖಾರ ಸೋಕಿಸಬಾರದು, ಹಾಕುವುದನ್ನೂ ಸ್ವಲ್ಪ ಸ್ವಲ್ಪವೇ ಹಾಕಬೇಕು.

ಈಗ ನಮ್ಮ ಮನೆಯಲ್ಲಿ ತುರಿಯುವ ಮಣೆ ಕೆಳಗಿಳಿಯುವ ಮೊದಲೇ ಕೆಂಚನ ಗಂಜಿ ಒಲೆಯಿಂದ ಇಳಿಯುತ್ತದೆ. ಅಟ್ಟದಿಂದ ಕೊಬ್ಬರಿ ಚೂರು ಬಿದ್ದರೂ ಬಳಿದು ಎಸೆಯುತ್ತೇನೆ. ಮೊದಮೊದಲು ಗಂಜಿ ಮೂಸಿ ಮುಖ ತಿರುಗಿಸುತ್ತಿತ್ತು, ಹಟಮಾರಿ ಮುಂಡೇದು. ಕೊನೆಗೆ ನೀನು ಬಿಟ್ಟುಹೋದ ಹಳೇ ಸೀರೆ ಹೊದ್ದು ಎದುರಿಗೆ ಕೂತೆ. ಸೆರಗು ಮೂಸಿತು, ಒಂದು ತುತ್ತು ತಿಂದಿತು, ಮತ್ತೆ ಸೆರಗು ಮೂಸಿತು. ನಾನೂ ಅದೇ ಸೆರಗಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ ಕಣೇ. ಈಗ ಸೀರೆ ಬೇಕಿಲ್ಲ. ನನ್ನ ಬರಿಗೈಯಿಂದಲೇ ಉಣ್ಣುತ್ತದೆ.

ನಿನ್ನ ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅತ್ತೆ,
ಭೈರಮ್ಮ

ಮೇಲೆ ಬರೆಯಲು ಕೈ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ನಿನ್ನ ಅಪ್ಪ ಫೋನು ಮಾಡಿದ್ದರು. ತುರುವೇಕೆರೆಯ ಗಂಡು ನಿನಗೂ ಒಪ್ಪಿಗೆಯಂತೆ, ಆದರೆ "ಕೆಂಚನ್ನ ಯಾರ್ ನೋಡ್ಕೋತಾರೆ, ನಾನ್ ಬಿಳಿಗೆರೆಗೇ ಹೋಯ್ತೀನಿ" ಎಂದು ಅಳುತ್ತೀಯಂತೆ. ನಾಯಿಯ ನೆಪ ಬೇಡ ಕಂದಾ, ಅದು ಉಣ್ಣುತ್ತಿದೆ. ನೀನೂ ಈ ಮನೆಯವಳಲ್ಲ ಎಂದರೆ ಸೀನ ಇನ್ನೊಂದು ಸಲ ಹೋದಷ್ಟೇ ಸಂಕಟ ನನಗೆ. ಆದರೂ ಹೇಳುತ್ತಿದ್ದೇನೆ, ಹೂಂ ಅನ್ನು. ಮದುವೆಗೆ ನಮ್ಮನ್ನು ಕರೆಯದಿದ್ದರೆ ಮಾತ್ರ ಸುಮ್ಮನಿರುವವಳಲ್ಲ. ಊಟಕ್ಕೆ ಕಾಯಿಹೋಳಿಗೆಯನ್ನೇ ಮಾಡಿಸು. ಕೆಂಚನ ಗಂಜಿ ನಾನು ಮನೆಯಿಂದ ತರುತ್ತೇನೆ.