ಒದ್ದೆ ಟವೆಲಿನ ಕಾವಲು

ಫೆಬ್ರವರಿ 4

ಈ ಮನೆಗೆ ಹಿರಿಯಳು ನಾನು. ಹಾಸಿಗೆ ಅಂಗಡಿಗೂ ನಾನೇ. ಓದಿದ್ದು ಹೈಸ್ಕೂಲು. ಆದರೂ ನನ್ನ ಮಾತು ಮೀರಿ ಇಲ್ಲಿಂದ ಒಂದು ದಿಂಬೂ ಹೊರಗೆ ಹೋಗುವುದಿಲ್ಲ. ಹೋದದ್ದು ಮೊಮ್ಮಗಳು ಮಾತ್ರ. ಬೆಂಕಿ ಕುಣಿತ ಕಲಿಯುತ್ತಾಳಂತೆ! ಸಮುದಾಯ ಭವನದ ಹಿಂದಿನ ಅಂಗಳದಲ್ಲಿ, ವಾರಕ್ಕೆರಡು ಸಂಜೆ. ಸೊಸೆಗೆ ಗೊತ್ತಿತ್ತು. ಬಾಯಿ ಬಿಟ್ಟಿರಲಿಲ್ಲ.

ಬೆಂಕಿ — ಈ ಮನೆಯ ಹುಡುಗಿಗೆ! ಇವಳಪ್ಪ ಕೈಗೂಸಾಗಿದ್ದಾಗ ನಮ್ಮ ಹತ್ತಿ ಗೋದಾಮು ಉರಿಯಿತು. ಹೊರಗೆ ಬಂದಿದ್ದ ನಮ್ಮ ಯಜಮಾನರು ಮತ್ತೆ ಒಳಗೆ ಹೋದರು. ಅಷ್ಟೇ.

ನಾಳೆ ಕಿವಿ ಹಿಡಿದು ಎಳೆದು ತರುತ್ತೇನೆ.

ಫೆಬ್ರವರಿ 5

ಎಳೆದು ತರಲಿಲ್ಲ. ಕಲಿಸುವವನು ಕಸುಬಿನಲ್ಲಿ ವೆಲ್ಡರ್. ಒಳಗೆ ಕಾಲಿಟ್ಟ ಕೂಡಲೇ ನನಗೇ ಗದರಿದ. "ಅಮ್ಮಾ, ಆ ಗೆರೆ ದಾಟ್ಬೇಡಿ. ನಿಮ್ಮ ಶಾಲು ನೈಲಾನ್. ಹತ್ಕೊಂಡ್ರೆ ಮೈಗೆ ಅಂಟುತ್ತೆ."

ನನ್ನನ್ನು ಗದರಬಲ್ಲವರು ಯಾರೂ ಉಳಿದಿಲ್ಲ ಎಂದುಕೊಂಡಿದ್ದೆ. ಅದೂ ಹತ್ತಿ ಮಾರುವವಳ ಶಾಲು ನೈಲಾನ್!

ಕುಣಿಯುತ್ತ ಬೀಸುವ ಸರಪಳಿಯ ತುದಿಗೆ ಬತ್ತಿ ಸುತ್ತಿದ ಉಂಡೆ. ಸೀಮೆಎಣ್ಣೆಯಲ್ಲಿ ಅದ್ದಿ, ಹೆಚ್ಚಿನ ಎಣ್ಣೆ ಝಾಡಿಸಿ, ಡಬ್ಬಕ್ಕೆ ಮುಚ್ಚಳ ಹಾಕಿ ದೂರ ಇಟ್ಟ ಮೇಲೇ ಕಡ್ಡಿ ಗೀರುವುದು. ಆಡುವ ಪ್ರತಿಯೊಬ್ಬರಿಗೂ ಒಬ್ಬರು ಕಾವಲು, ಕೈಯಲ್ಲಿ ಒದ್ದೆ ಟವೆಲ್. ಕಾವಲಿನವರು "ಆರಿಸು" ಎಂದರೆ ಆರಿಸಬೇಕು. ಯಾಕೆ ಎಂದು ಕೇಳುವಂತಿಲ್ಲ. ಈ ಕಾಯ್ದೆ ಹಿಡಿಸಿತು.

"ಇವಳಿಗೆ ಕಾವಲು ನಾನು. ಇಲ್ದಿದ್ರೆ ಇವಳೂ ಇಲ್ಲ."

"ಅಜ್ಜೀ, ಮನೇಲಿ ಕಾಯೋದು ಸಾಲ್ದಾ?"

"ಸಾಲ್ದು."

ವೆಲ್ಡರ್ ನಕ್ಕ. "ಒಂದೇ ಮಾತು ಅಮ್ಮಾ. ಬೆಂಕಿ ನೋಡ್ಬೇಡಿ. ಹುಡುಗೀನ ನೋಡಿ."

ಫೆಬ್ರವರಿ 26

ಚೆನ್ನಾಗಿ ಆಡುತ್ತಾಳೆ. ಅವಳೆದುರು ಹೇಳಿಲ್ಲ.

ಇಂದು ಎಣ್ಣೆ ಡಬ್ಬದ ಹತ್ತಿರ ಒಬ್ಬರು ನಿಂತಿದ್ದರು. ತೋಳು ಮಡಚಿದ ಬಿಳಿ ಅಂಗಿ. ಬಗ್ಗಿ ಮುಚ್ಚಳಕ್ಕೆ ಕೈ ಹಾಕಿದರು.

"ಆರಿಸು!" ಕೂಗಿದೆ. ಹುಡುಗಿ ಆ ಕ್ಷಣವೇ ಉಂಡೆಗಳನ್ನು ನೆಲಕ್ಕಿಳಿಸಿದಳು. ಟವೆಲ್ ಮುಚ್ಚಿ ಒತ್ತಿದೆ. ತಲೆ ಎತ್ತಿದರೆ ಡಬ್ಬದ ಹತ್ತಿರ ಯಾರೂ ಇಲ್ಲ. ಮುಚ್ಚಳ ಹಾಕಿದ ಹಾಗೇ ಇದೆ.

"ಏನಾಯ್ತು ಅಮ್ಮಾ?"

"ಹೊಗೆ. ಕಣ್ಣು ಉರೀತು."

ಯಾರೋ ಕಿಸಕ್ಕೆಂದರು. ದಾರಿಯುದ್ದಕ್ಕೂ ಮೊಮ್ಮಗಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ದೆವ್ವ ಗಿವ್ವ ನಂಬುವವಳಲ್ಲ. ಆದರೆ ಆ ಅಂಗಿಗೆ ಗುಂಡಿ ಹೊಲಿದವಳು ನಾನೇ, ಗೋದಾಮು ಉರಿದ ದಿನ ಬೆಳಿಗ್ಗೆ...

ಮಾರ್ಚ್ 5

ಮತ್ತೆ ಬಂದಿದ್ದರು. ಈ ಸಲ ಹುಡುಗಿಯ ಬೆನ್ನ ಹಿಂದೆಯೇ. ಕೂಗಲಿಲ್ಲ. ಇನ್ನೊಮ್ಮೆ ನಗೆಪಾಟಲಾಗುವುದೇ? ಅವರ ಮುಖವನ್ನೇ ನೋಡುತ್ತ ನಿಂತೆ. ಸುಟ್ಟಿರಲಿಲ್ಲ. ವಯಸ್ಸೂ ಆಗಿರಲಿಲ್ಲ. ಎಷ್ಟು ಹೊತ್ತು ನೋಡಿದೆನೋ —

ಯಾರೋ ಕೈಯಿಂದ ಟವೆಲ್ ಕಿತ್ತುಕೊಂಡರು. ಸೊಸೆ. ಹಿಂದೆ ಬೆಂಚಿನ ಮೇಲೆ ಕೂತಿದ್ದವಳು ಓಡಿ ಬಂದಿದ್ದಳು. ಎಣ್ಣೆ ಸಿಡಿದು ಹುಡುಗಿಯ ಪ್ಯಾಂಟಿನ ಅಂಚು ಹತ್ತಿಕೊಂಡು, ಉರಿ ಮೊಣಕಾಲಿಗೆ ಏರಿತ್ತು.

ನನ್ನ ಎದುರಿಗೇ. ನನಗೆ ಕಾಣಲಿಲ್ಲ.

ಮಾರ್ಚ್ 19

ಗಾಯ ಒಣಗುತ್ತಿದೆ. ಅಂಗೈಯಗಲ. ಶನಿವಾರ ಭವನದಲ್ಲಿ ಪ್ರದರ್ಶನವಂತೆ, ಬಿಡುವುದಿಲ್ಲ ಅನ್ನುತ್ತಾಳೆ. ಹಟ ನನ್ನದೇ.

"ನೀನೇ ನಿಲ್ಲು ಅಜ್ಜಿ. ಅವತ್ತು ತಲೆ ಸುತ್ತಿತ್ತು, ಅಷ್ಟೇ ಅಲ್ವಾ?"

ನನ್ನ ಮರ್ಯಾದೆ ಉಳಿಸಲು ಮಗು ಕೊಟ್ಟ ಸುಳ್ಳು. ತೆಗೆದುಕೊಳ್ಳಲಿಲ್ಲ. ಸೊಸೆಯನ್ನು ಕರೆದೆ.

"ಶನಿವಾರ ನೀನು ನಿಲ್ಲು."

"ನಾನಾ ಅತ್ತೆ? ಉಪ್ಪು ಹಾಕೋಕೂ ನನ್ನ ಕೈ ನಂಬಲ್ಲ ನೀವು!"

"ಉಪ್ಪು ಬೇರೆ. ಅಲ್ಲಿ ನಿನಗೆ ನಿನ್ನ ಮಗಳು ಬಿಟ್ರೆ ಬೇರೆ ಯಾರೂ ಕಾಣ್ಲಿಲ್ಲ."

"ಬೇರೆ ಯಾರಿದ್ರು ಅತ್ತೆ?"

ಎದ್ದು ಬಂದೆ.

ಮಾರ್ಚ್ 22, ಶನಿವಾರ, ಸಂಜೆ 6.40

ಎಲ್ಲರೂ ಹೋದರು. ಮಂಡಿ ನೋವು ಎಂದೆ. ಮಂಡಿಗೆ ಏನೂ ಆಗಿಲ್ಲ.

ಈಗ ಗೊತ್ತಾಗಿದೆ. ಅವರು ಬೆಂಕಿ ಹುಡುಕಿ ಬರುತ್ತಿರಲಿಲ್ಲ. ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಇದೋ, ಎದುರಿನ ಕುರ್ಚಿಯಲ್ಲಿದ್ದಾರೆ. ಆಗಾಗ ಬಾಗಿಲ ಕಡೆ ನೋಡುತ್ತಾರೆ. ನಾನು ಎದ್ದರೆ ಏಳುತ್ತಾರೆ. ಚಿಲಕ ಹಾಕಿ ಕೂತಿದ್ದೇನೆ. ಅವಳ ಆಟ ಮುಗಿಯುವ ತನಕ ಕದಲುವುದಿಲ್ಲ.

ಭವನದ ಕಡೆಯಿಂದ ಚಪ್ಪಾಳೆ. ಶುರುವಾಯಿತು. ಇವರು ಎದ್ದು ನಿಂತರು.

"ಕೂತ್ಕೊಳ್ಳಿ," ಎಂದೆ. "ಅಲ್ಲಿ ಸೊಸೆ ಇದ್ದಾಳೆ."

ಕೂತರು.