ವಿಳಾಸದ ಎರಡನೇ ಸಾಲು

ಆಸ್ಪತ್ರೆಯ ಮೂರನೇ ಮಹಡಿ
ಶನಿವಾರ, ಮಾರ್ಚ್ ೧೪, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಕ್ಕಾ,

ಎಡಗೈಯ ಕಟ್ಟು ಬಿಚ್ಚಿದರೇ? ಬೆರಳುಗಳನ್ನು ದಿನಕ್ಕೆ ಮೂರು ಹೊತ್ತು ಮಡಚಿ ಬಿಚ್ಚಬೇಕೆಂದು ವೈದ್ಯರು ಹೇಳಿದ್ದನ್ನು ನೀನು ಒಂದೇ ಹೊತ್ತಿಗೆ ಇಳಿಸಿದ್ದೀಯೆಂದು ನಿನ್ನ ಮಗಳು ದೂರಿದಳು. ಭಾವನ ಕೆಮ್ಮು ಹೇಗಿದೆ? ಫೋನು ಮಾಡಿದರೆ ನೀನು ಕಿವಿಯ ಯಂತ್ರ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ನನ್ನ ಧೈರ್ಯ ಕರಗಿಹೋಗುತ್ತದೆ, ಅದಕ್ಕೇ ಈ ಕಾಗದ, ಇವತ್ತೇ ಆಳಿನ ಕೈಯಲ್ಲಿ ಕಳಿಸುತ್ತೇನೆ. ನಾನು ಕ್ಷೇಮವೆಂದು ಬರೆಯುವುದು ವಾಡಿಕೆ. ಬರೆದಿದ್ದೇನೆ ಎಂದುಕೋ.

ನೀನು ಇಪ್ಪತ್ತೆಂಟು ವರ್ಷ ಕೂತಿದ್ದ ದಾಖಲೆ ಕೋಣೆಯ ನೇರ ಮೇಲೆ ನಾನೀಗ ಕೂತಿದ್ದೇನೆ. ನಿಮ್ಮ ಹಳೆಯ ಕಂಪ್ಯೂಟರ್ ವ್ಯವಸ್ಥೆಗೆ ಇವತ್ತು ಹನ್ನೆರಡು ಗಂಟೆಗೆ ಬೀಗ ಹಾಕಿದೆವು. ನಾಳೆಯವರೆಗೆ ವಾರ್ಡುಗಳಲ್ಲಿ ಎಲ್ಲವೂ ಕಾಗದದ ಮೇಲೆ. ಅಷ್ಟರೊಳಗೆ ಎಲ್ಲ ರೋಗಿಗಳ ವಿವರವೂ ಹೊಸ ವ್ಯವಸ್ಥೆಯೊಳಗೆ ಹರಿದು ಬರಬೇಕು. ಬರುತ್ತಿದೆ, ಎದುರಿನ ತೆರೆಯಲ್ಲಿ ಶೇಕಡಾ ಅರವತ್ತೆರಡು ಎಂದು ತೋರಿಸುತ್ತಿದೆ. ನಾಲ್ಕು ಗಂಟೆಗೆ ಸಭೆ. ಮೇಜಿನ ಸುತ್ತ ಕೂತ ಒಬ್ಬೊಬ್ಬರೂ ‘ಹೋಗೋಣ’ ಅಥವಾ ‘ನಿಲ್ಲಿಸೋಣ’ ಎನ್ನಬೇಕು, ಯೋಜನೆ ನಡೆಸುವವನಾದ್ದರಿಂದ ನನ್ನ ಸರದಿ ಕೊನೆಯದು. ಹೋಗೋಣ ಎಂದಾದರೆ ನಾಳೆ ಬೆಳಗ್ಗೆ ಆರಕ್ಕೆ ಪ್ರತಿ ಹಾಸಿಗೆಯ ರೋಗಿಯ ಮಣಿಕಟ್ಟಿಗೂ ಹೆಸರು, ವಿವರ ಮುದ್ರಿಸಿದ ಹೊಸ ಪಟ್ಟಿ ಕಟ್ಟುತ್ತಾರೆ. ಆ ಪಟ್ಟಿಯ ವಿಷಯವೇ ನಿನಗೆ ಹೇಳಬೇಕಾಗಿರುವುದು.

ನಮ್ಮ ಪರೀಕ್ಷಾ ತಂಡದ ಮುಖ್ಯಸ್ಥೆಯನ್ನು ಇಲ್ಲಿ ಎಲ್ಲರೂ ಯಾಕಮ್ಮ ಎನ್ನುತ್ತಾರೆ. ಕಾಫಿ ಕೊಟ್ಟರೂ ಯಾಕೆ ಎಂದು ಕೇಳುವವಳು. ಇವತ್ತು ಬೆಳಗ್ಗೆ ಅವಳು ಐದನೇ ವಾರ್ಡಿನಲ್ಲಿ, ಪ್ರಯೋಗಕ್ಕೆಂದು ಮೊದಲೇ ತುಂಬಿದ್ದ ವಿವರದಿಂದ, ಮಾದರಿಗೆಂದು ಹತ್ತು ಪಟ್ಟಿ ಮುದ್ರಿಸಿ ಕಟ್ಟಲು ಹೋದಳು. ಎಂಟನೇ ಹಾಸಿಗೆಯ ಮುದುಕ, ಹಿಂದೆ ಬಸ್ ಓಡಿಸುತ್ತಿದ್ದವನಂತೆ, ಕನ್ನಡಕ ಏರಿಸಿ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ. “ನಮ್ಮನೆ ವಿಳಾಸದಲ್ಲಿ ಪೆನಿಸಿಲಿನ್ ಬೇಡ ಅಂತ ಇರ್ತಿತ್ತಲ್ಲಮ್ಮ, ಅದನ್ಯಾರು ಕಿತ್ತಾಕಿದ್ದು?” ಪಕ್ಕದ ಹಾಸಿಗೆಯವನು ನಕ್ಕನಂತೆ, “ಪೆನಿಸಿಲಿನ್ ಬೇಡ, ಮೂರನೇ ಬೀದಿ, ಅಂತಾನಾ ನಿಮ್ಮನೆಗೆ ಕಾಗದ ಬರೋದು?” ಎಂದು. ಯಾಕಮ್ಮ ನಗಲಿಲ್ಲ. ಹೊಸ ಪಟ್ಟಿಯಲ್ಲಿ ಅಲರ್ಜಿಗೆಂದೇ ಒಂದು ಸಾಲಿದೆ. ವಿವರ ಖಾಲಿಯಿದ್ದರೆ ಯಂತ್ರ ಅಲ್ಲಿ ತಾನಾಗಿ ‘ಅಲರ್ಜಿ: ಇಲ್ಲ’ ಎಂದು ಮುದ್ರಿಸುತ್ತದೆ. ಮುದುಕನ ಪಟ್ಟಿಯಲ್ಲಿ ಹಾಗೆಯೇ ಮುದ್ರಿಸಿತ್ತು. ಅದನ್ನು ಹಿಡಿದುಕೊಂಡು ಮೂರು ಮಹಡಿ ಮೆಟ್ಟಿಲು ಹತ್ತಿ ಬಂದವಳು ನನ್ನ ಮೇಜಿನ ಮೇಲಿಟ್ಟು ಏನೂ ಕೇಳದೆ ನಿಂತಳು. ಅವಳು ಯಾಕೆ ಎನ್ನದಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಉತ್ತರ ನಿನಗೆ ಗೊತ್ತು, ಏಕೆಂದರೆ ಉಪಾಯ ನಿನ್ನದು. ಹಳೆಯ ವ್ಯವಸ್ಥೆಯಲ್ಲಿ ಅಲರ್ಜಿ ಬರೆಯಲು ಜಾಗವೇ ಇರಲಿಲ್ಲ. ಮಣಿಕಟ್ಟಿನ ಪಟ್ಟಿಯಲ್ಲಿ ಮುದ್ರಣವಾಗುತ್ತಿದ್ದದ್ದು ಹೆಸರು, ವಯಸ್ಸು, ವಿಳಾಸದ ಎರಡು ಸಾಲು. ಎರಡನೇ ಸಾಲು ಬಹಳ ಜನರಿಗೆ ಬೇಕಿರಲಿಲ್ಲ. ಅಲ್ಲಿ ‘ಸಲ್ಫಾ ಬೇಡ’ ಎಂದು ಬರೆಯಲು ನೀನು ಶುರುಮಾಡಿದೆ, ನಿನ್ನ ಕೋಣೆಯವರೆಲ್ಲ ಕಲಿತರು, ವಾರ್ಡಿನ ನರ್ಸುಗಳು ಆ ಸಾಲನ್ನೇ ಮೊದಲು ಓದುವುದನ್ನು ರೂಢಿಮಾಡಿಕೊಂಡರು. ಯಾವ ಕೈಪಿಡಿಯಲ್ಲೂ ಇಲ್ಲದ ಈ ಪದ್ಧತಿ ಹತ್ತೊಂಬತ್ತು ವರ್ಷ ಒಬ್ಬರನ್ನೂ ಕೈಬಿಡಲಿಲ್ಲ. ಆಮೇಲೆ ನಾವು ಬಂದೆವು. ದತ್ತಾಂಶ ಶುದ್ಧಿಮಾಡುವ ತಜ್ಞನಿಗೆ ಪೊರಕೆ ಎಂದು ಹೆಸರಿಟ್ಟಿದ್ದೇವೆ. ಒಳ್ಳೆಯ ಕೆಲಸಗಾರ, ಆದರೆ ಪೊರಕೆ ಹಿಡಿದವನಿಗೆ ಕಂಡದ್ದೆಲ್ಲ ಕಸವೇ. ವಿಳಾಸದ ಎರಡನೇ ಸಾಲಿನಲ್ಲಿ ಬೀದಿಯೂ ಅಲ್ಲದ ಊರೂ ಅಲ್ಲದ ಮಾತು ಕಂಡಲ್ಲೆಲ್ಲ ಗುಡಿಸಿಹಾಕಿದ. ಮೂರು ಸಾವಿರದ ನಾನೂರ ಹನ್ನೆರಡು ಸಾಲು. “ನೀವೇ ಅಲ್ವಾ ಸಾರ್ ಒಪ್ಪಿಗೆ ಕೊಟ್ಟಿದ್ದು,” ಎಂದ. ಹೌದು, ನಾನೇ. ಹಳೆಯ ಯಂತ್ರದೊಳಗೆ ಆ ಸಾಲುಗಳು ಇನ್ನೂ ಇವೆ. ಆದರೆ ಒಂದೊಂದನ್ನೂ ಔಷಧ ವಿಭಾಗದವರು ಕಣ್ಣಿಟ್ಟು ಓದಿ ಹೊಸ ಜಾಗಕ್ಕೆ ಸೇರಿಸಬೇಕು. ಮೂರು ವಾರದ ಕೆಲಸ.

ಮೂರು ವಾರ ಎಂಬ ಮಾತನ್ನು ನಿರ್ದೇಶಕರ ಮುಂದೆ ಹನ್ನೊಂದು ಗಂಟೆಗೆ ಇಟ್ಟೆ. ಅವರು ಕೂಗಾಡುವವರಲ್ಲ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಎರಡು ಸಲ ಮುಂದೂಡಿದ್ದೀವಿ. ಮೂರನೇ ಸಲ ಅಂದ್ರೆ ಆಡಳಿತ ಮಂಡಳಿ ಯೋಜನೇನೇ ಮುಚ್ಚತ್ತೆ. ಹೋಗೋಣ ಅನ್ನಿ, ಪಟ್ಟೀನ ನರ್ಸುಗಳು ಪೆನ್ನಲ್ಲಿ ತಿದ್ಕೋತಾರೆ. ಹೇಗೂ ಮಂಗಳವಾರದವರೆಗೆ ಹಳೇದಕ್ಕೆ ವಾಪಸ್ ಹೋಗ್ಬಹುದಲ್ಲ.” ಮಾತಿನಲ್ಲಿ ತರ್ಕವಿದೆ. ಯಂತ್ರವನ್ನು ಮಂಗಳವಾರದವರೆಗೆ ಹಿಂದಕ್ಕೆ ತರಬಹುದು. ಭಾನುವಾರ ಬೆಳಗ್ಗೆ ತಪ್ಪು ಸೂಜಿ ಚುಚ್ಚಿಸಿಕೊಂಡವರನ್ನು ತರಲಾಗುವುದಿಲ್ಲ. ಇದನ್ನು ನಾನು ಅವರಿಗೆ ಹೇಳಲಿಲ್ಲ. ಒಂದು ಟಿಪ್ಪಣಿ ತಯಾರಿಸಿ ಎಂದರು, ತಯಾರಿಸಿದೆ. ಅದರ ಮೊದಲ ವಾಕ್ಯ ಹೀಗಿದೆ: ‘ಹಿಂದಿನ ದಾಖಲೆ ಸಿಬ್ಬಂದಿ ವಿಳಾಸದ ಜಾಗವನ್ನು ನಿಯಮಬಾಹಿರವಾಗಿ ಬಳಸಿದ್ದರಿಂದ ಈ ಲೋಪ ಉಂಟಾಗಿದೆ.’ ಬರೆದಾಗ ಅದು ಬಹಳ ಸಲೀಸಾಗಿ ಬಂತು. ಹಿಂದಿನ ದಾಖಲೆ ಸಿಬ್ಬಂದಿ ಎಂದರೆ ನೀನು ಎಂಬುದು ಎರಡನೇ ಸಲ ಓದುವಾಗ ಹೊಳೆಯಿತು ಎಂದರೆ ನೀನು ನಂಬಬಾರದು. ಮೊದಲ ಸಲವೇ ಗೊತ್ತಿತ್ತು.

ಇನ್ನೊಂದು ವಿಷಯವೂ ಗೊತ್ತಿತ್ತು. ಮೂರು ವರ್ಷದ ಹಿಂದೆ, ಯಾರಿಗೆ ಏನು ಬೇಕೆಂದು ಕೇಳಿ ಪಟ್ಟಿಮಾಡುತ್ತಿದ್ದ ಮೊದಲ ತಿಂಗಳಲ್ಲಿ, ನಾನು ನಿನ್ನ ಅಡುಗೆಮನೆಯಲ್ಲಿ ಕೂತಿದ್ದೆ. ನೀನು ನಿವೃತ್ತಳಾಗಿ ವರ್ಷವಾಗಿತ್ತು. ಪಾತ್ರೆ ಒರೆಸುತ್ತಾ, ನನ್ನ ಕಡೆ ನೋಡದೆಯೇ ಅಂದೆ: “ಎರಡನೇ ಸಾಲು ಮರೀಬೇಡ ಕಣೋ. ನಮ್ಮ ಪ್ರಾಣ ಇರೋದು ಅಲ್ಲೇ.” ನಾನು ಬರೆದುಕೊಂಡೆ. ಅದು ನಲವತ್ತೇಳನೇ ಅಂಶವಾಯಿತು. ಒಂದು ಹಂತದಿಂದ ಮುಂದಿನ ಹಂತಕ್ಕೆ ಹೋಗಬೇಕಾದರೆ ಇತ್ಯರ್ಥವಾಗದ ಅಂಶ ಹತ್ತಕ್ಕಿಂತ ಹೆಚ್ಚು ಇರಕೂಡದೆಂಬ ನಿಯಮ ನಮ್ಮಲ್ಲಿದೆ. ನನ್ನ ಹತ್ತಿರ ಹನ್ನೊಂದಿದ್ದವು. ಹೊಸ ವ್ಯವಸ್ಥೆಯಲ್ಲಿ ಅಲರ್ಜಿಗೆ ಪ್ರತ್ಯೇಕ ಜಾಗವಿದೆ ತಾನೇ ಎಂದುಕೊಂಡು ನಲವತ್ತೇಳನ್ನು ‘ಇತ್ಯರ್ಥವಾಗಿದೆ’ ಎಂದು ಮುಚ್ಚಿದೆ. ಹೊಸದಕ್ಕೆ ಜಾಗವಿತ್ತು. ಹಳೆಯದು ಅಲ್ಲಿಗೆ ಹೇಗೆ ನಡೆದು ಬರುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ. ಆ ವಾರದ ವರದಿ ಹಸಿರಾಯಿತು. ಪ್ರತಿ ಶುಕ್ರವಾರ ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಚ್ಚಿ ಕಳಿಸುವುದು ನನ್ನ ಕೆಲಸ. ಹಸಿರು ಕಳಿಸಿದರೆ ಯಾರೂ ಫೋನು ಮಾಡುವುದಿಲ್ಲ. ಅದನ್ನೇ ನಾನು ಇಷ್ಟು ವರ್ಷ ನೆಮ್ಮದಿ ಎಂದು ಕರೆಯುತ್ತಿದ್ದೆ ಅನಿಸುತ್ತದೆ.

ಮೂರೂವರೆ ಆಯಿತು. ಶೇಕಡಾ ತೊಂಬತ್ತೊಂದು. ಕಾರಿಡಾರಿನಲ್ಲಿ ಕುರ್ಚಿ ಎಳೆಯುವ ಸದ್ದು. ಪೊರಕೆ ಉಗುರು ಕಚ್ಚುತ್ತಿದ್ದಾನೆ, ಯಾಕಮ್ಮ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾಳೆ, ನನ್ನನ್ನಲ್ಲ. ನಾನು ಏನು ಹೇಳುತ್ತೇನೆಂದು ಈ ಸಾಲು ಬರೆಯುವಾಗಲೂ ನನಗೆ ಖಚಿತವಿಲ್ಲ, ಅಕ್ಕಾ. ಐವತ್ತು ದಾಟಿದವನು ಹೀಗೆ ಬರೆಯಬಾರದು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಗಳಿಗೆ ಬೈಯಬೇಡ, ಅವಳು ಹೇಳಿದಂತೆ ಬೆರಳು ಮಡಚು. ಕೈ ಬೇಗ ನಿನ್ನ ಮಾತು ಕೇಳಲಿ.

ನಿನ್ನ ತಮ್ಮ

ಸಭೆಯ ನಂತರ ಸೇರಿಸಿದ್ದು: ಗಂಟೆ ನಾಲ್ಕೂ ಮುಕ್ಕಾಲು. ನನಗಿಂತ ಮೊದಲು ಆರು ಜನ ಹೋಗೋಣ ಎಂದರು. ಯಾಕಮ್ಮ ನಿಲ್ಲಿಸೋಣ ಎಂದಳು, ನಾನೂ ಅದನ್ನೇ ಅಂದೆ. ನನ್ನ ಸಹಿಯಿಲ್ಲದೆ ಹೋಗುವಂತಿಲ್ಲ, ಹಾಗಾಗಿ ನಿಂತಿತು. ಹಳೆಯ ವ್ಯವಸ್ಥೆಯ ಬೀಗ ತೆಗೆಯುತ್ತಿದ್ದಾರೆ. ಟಿಪ್ಪಣಿಯ ಮೊದಲ ವಾಕ್ಯ ಹೊಡೆದುಹಾಕಿ ನಲವತ್ತೇಳನ್ನು ಮುಚ್ಚಿದವನು ನಾನೆಂದು ಬರೆದೆ. ನಿರ್ದೇಶಕರು ಓದಿ, “ಅಕ್ಕನ ಮಾನ ಉಳಿಸೋಕೆ ಬರೀತಿದ್ದೀರಿ,” ಎಂದರು. ಸೋಮವಾರ ಆಡಳಿತ ಮಂಡಳಿಯ ಇಬ್ಬರು ನಿನ್ನ ಮನೆಗೇ ಬಂದು, ಎರಡನೇ ಸಾಲಿನ ವಿಷಯ ನನಗೆ ಹೇಳಿದ್ದೆಯಾ ಎಂದು ಕೇಳುತ್ತಾರೆ. ಕಿವಿಯ ಯಂತ್ರ ಹಾಕಿಕೊಂಡಿರು. ಹೇಳಿದ್ದೆ, ಅವನು ಬರೆದುಕೊಂಡ, ಎಂದಷ್ಟೇ ಹೇಳು. ಅದಕ್ಕೆ ಇನ್ನೊಂದು ಮಾತು ಸೇರಿಸಬೇಡ. ನನ್ನನ್ನು ಉಳಿಸಲು ನೀನು ಸೇರಿಸುವ ಮಾತು ಯಾವುದೆಂದು ನನಗೆ ಗೊತ್ತು.