ಒಂದೇ ಪ್ರಕರಣದಲ್ಲಿ ಚಿಕ್ಕಮ್ಮನೂ ಆರೋಪಿಯೂ

ಉಚಿತ ಕಾನೂನು ನೆರವು ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಈಗ ಸಂಜೆ ಆರೂವರೆ. ಇವತ್ತು ಬೆಳಿಗ್ಗೆ ನಿಮ್ಮ ಕಚೇರಿಗೆ ಬಂದೆ, ನಡುವೆ ಲಾಂಡ್ರಿಗೆ ಹೋಗಿ ನನ್ನ ಪಾಲಿನ ಕೆಲಸ ಮುಗಿಸಿದೆ, ಮತ್ತೆ ಬಂದು ನಿಮ್ಮವರು ಬೀಗ ಹಾಕುವವರೆಗೂ ಕೂತಿದ್ದೆ. ನನಗೆ ಒಬ್ಬ ವಕೀಲರು ಬೇಕಾಗಿತ್ತು. ಸಿಗಲಿಲ್ಲ. ನಾಳೆ ನನ್ನ ಅಕ್ಕನ ಮಗಳು ಕೋರ್ಟಿನಲ್ಲಿ ಹೇಳಿಕೆ ಕೊಡಬೇಕು. ಅವಳಿಗೆ ಹದಿನಾಲ್ಕು ವರ್ಷ. ಅವಳಿಗೆ ಕೇಡು ಮಾಡಿದವನ ಮೇಲೆ ಹಾಕಿರುವ ಪ್ರಕರಣದಲ್ಲಿ ನಾನೂ ಆರೋಪಿ. ಅದೂ ಮಕ್ಕಳನ್ನು ಕಾಪಾಡಲೆಂದೇ ಮಾಡಿದ ಕಾನೂನಿನ ಅಡಿಯಲ್ಲಿ.

ಅಕ್ಕ ತೀರಿಕೊಂಡು ವರ್ಷ ತುಂಬಿತು. ಅಂದಿನಿಂದ ದಿನಾ ಸಂಜೆ ಅವಳಿಗೆ ಹೇಳಬೇಕಾದ್ದನ್ನು ನಾಲ್ಕು ಸಾಲು ಬರೆದಿಡುವುದು ನನ್ನ ಅಭ್ಯಾಸ. ಇವತ್ತು ಕೂತರೆ ಅವಳಿಗೆ ಏನೆಂದು ಹೇಳುವುದೋ ತಿಳಿಯಲಿಲ್ಲ, ಕೈ ಓಡಲಿಲ್ಲ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ಪತ್ರಿಕೆಯಲ್ಲಿ ಹಾಕುತ್ತೇವೆಂದು ಸಂಪಾದಕರು ಒಪ್ಪಿದ್ದಾರೆ. ಆ ಪತ್ರಿಕೆ ನಿಮ್ಮ ಮೇಜಿನ ಮೇಲೆ ಇರುವುದನ್ನು ಇವತ್ತು ಕಿಟಕಿಯಿಂದ ನೋಡಿದ್ದೇನೆ. ನಿಮ್ಮನ್ನು ನೋಡಲು ಮಾತ್ರ ಬಿಡಲಿಲ್ಲ.

ನಮ್ಮ ಹಿಂದಿನ ಬೀದಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ಶಾಲೆಯ ಗುರುತಿನ ಚೀಟಿಗೆ ಮಕ್ಕಳೆಲ್ಲ ಅಲ್ಲಿಯೇ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಸ್ಟುಡಿಯೋದವನು ನಮ್ಮ ಹುಡುಗಿಗೆ, ನಿನ್ನ ಮುಖ ಬಟ್ಟೆ ಅಂಗಡಿಯ ಜಾಹೀರಾತಿಗೆ ಒಪ್ಪುತ್ತದೆ ಎಂದನಂತೆ. ತಾಯಿಯಿಲ್ಲದ ಮಗು, ಚೆನ್ನಾಗಿದ್ದೀಯ ಎಂದು ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಮನೆಯಲ್ಲಿ ಹೇಳದೆ ಎರಡು ಸಲ ಹೋದಳು. ಮೂರನೆಯ ಸಲ ಹೋಗಲಿಲ್ಲ. ಊಟ ಬಿಟ್ಟಳು, ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳತೊಡಗಿದಳು. ಅಮ್ಮನ ನೆನಪೆಂದು ನಾನು ತಿಳಿದುಕೊಂಡೆ. ಆಮೇಲೆ ಒಂದು ದಿನ ಗುರುತಿಲ್ಲದ ನಂಬರಿನಿಂದ ನನ್ನ ಫೋನಿಗೆ ಒಂದು ಚಿತ್ರ ಬಂತು. ಕೆಳಗೆ, ಭಾನುವಾರ ಹುಡುಗಿಯನ್ನು ಕಳಿಸು, ಇಲ್ಲದಿದ್ದರೆ ಇದು ಇಡೀ ಬೀದಿಗೆ ಹೋಗುತ್ತದೆ ಎಂದಿತ್ತು. ಚಿತ್ರದಲ್ಲಿ ಏನಿತ್ತೆಂದು ನಾನು ಬರೆಯುವುದಿಲ್ಲ. ಬರೆಯುವುದು ಯಾವ ಕಲಮಿನಡಿ ಬರುತ್ತದೋ ನನಗೆ ಗೊತ್ತಿಲ್ಲ. ಈಗೀಗ ಒಂದೊಂದು ವಾಕ್ಯಕ್ಕೂ ಹೆದರಿಕೆಯಾಗುತ್ತದೆ.

ನಾನು ಏನು ಮಾಡಿದೆ ಗೊತ್ತೇ, ಮಾನ್ಯರೇ? ನನಗೆ ಗೊತ್ತಿರುವವರಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವರು ಅವಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಆ ಚಿತ್ರವನ್ನು ಅವರಿಗೆ ಕಳಿಸಿದೆ. ಕೆಳಗೆ, ಮೇಡಂ, ದಾರಿ ತೋರಿಸಿ ಎಂದು ಬರೆದೆ. ಅವರು ತೋರಿಸಿದರು. ಕಾನೂನು ಹೇಳಿದಂತೆ ಪೊಲೀಸರಿಗೆ ತಿಳಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ, ಆ ದೂರಿನಿಂದಲೇ ಸ್ಟುಡಿಯೋದವನು ಸಿಕ್ಕಿಬಿದ್ದದ್ದು. ಆದರೆ ಠಾಣೆಯಲ್ಲಿ ಸಾಹೇಬರು ನನ್ನ ಫೋನನ್ನು ಮೇಜಿನ ಮೇಲಿಟ್ಟು ನನ್ನನ್ನು ಕೇಳಿದರು.

"ಇದನ್ನ ಮೇಡಂಗೆ ಕಳಿಸಿದ್ದು ಯಾರಮ್ಮ?"

"ನಾನೇ ಸಾರ್," ಎಂದೆ. ಒಳ್ಳೆಯ ಕೆಲಸ ಮಾಡಿದವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡೇ ಹೇಳಿದೆ.

"ಯಾಕೆ ಕಳಿಸಿದ್ರಿ?"

"ಯಾರಾದ್ರೂ ಕಾಪಾಡ್ಲಿ ಅಂತ."

"ಇಂಥದ್ದನ್ನ ಇನ್ನೊಬ್ರಿಗೆ ಕಳಿಸೋದೇ ಅಪರಾಧ. ಯಾಕೆ ಕಳಿಸಿದ್ರಿ ಅನ್ನೋದನ್ನ ಕೋರ್ಟಲ್ಲಿ ಹೇಳ್ಕೊಳ್ಳಿ."

ಅಲ್ಲಿಯೇ ನಿಂತಿದ್ದ ಮಹಿಳಾ ಪೇದೆಗೆ ನನ್ನ ಮುಖ ನೋಡಿ ಪಾಪವೆನಿಸಿರಬೇಕು. "ಸುಮ್ನೆ ಇಟ್ಕೊಂಡಿದ್ರೂ ಕಷ್ಟಾನೇ ಇತ್ತಕ್ಕ, ಅಳಿಸಿದ್ರೆ ಸಾಕ್ಷಿ ನಾಶ ಅಂತಿದ್ರು," ಎಂದಳು. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ ಮಾತದು.

ಇಟ್ಟುಕೊಂಡರೆ ಕಷ್ಟ, ಕಳಿಸಿದರೆ ಅಪರಾಧ, ಅಳಿಸಿದರೆ ಇನ್ನೊಂದು ಅಪರಾಧ. ಹಾಗಾದರೆ ಹೆದರಿ ನಡುಗುತ್ತಿರುವ ಹೆಂಗಸು ಆ ಹೊತ್ತಿನಲ್ಲಿ ಏನು ಮಾಡಬೇಕು? ಫೋನನ್ನು ಕೈಯಲ್ಲಿ ಎತ್ತಿ ಹಿಡಿದು ಠಾಣೆಯವರೆಗೂ ನಡೆದುಹೋಗಬೇಕಿತ್ತು ಎಂದು ಈಗ ನನಗೆ ಗೊತ್ತು. ಅದನ್ನು ಯಾವ ಗೋಡೆಯ ಮೇಲೆ ಬರೆಸಿದ್ದೀರಿ? ನಿಮ್ಮ ಇಲಾಖೆ ಬಸ್ಸಿನ ಬೆನ್ನಿಗೆ ಅಂಟಿಸಿದ ಭಿತ್ತಿಪತ್ರವನ್ನು ನಾನು ದಿನಾ ಓದುತ್ತೇನೆ. ನಗುವ ಮಗು, ಅದರ ತಲೆಯ ಮೇಲೆ ದೊಡ್ಡದೊಂದು ಕೈ. ಆ ಕೈ ಫೋನಿನಲ್ಲಿ ಯಾವ ಗುಂಡಿ ಒತ್ತಬಾರದು ಎಂದು ಒಂದು ಸಾಲು ಬರೆಸುವಷ್ಟು ಜಾಗ ಅದರಲ್ಲಿತ್ತು. ಕಾನೂನು ತಪ್ಪೆಂದು ನಾನು ಹೇಳುತ್ತಿಲ್ಲ. ಅಂಥ ಚಿತ್ರ ಒಂದು ಕೈಯಿಂದ ಇನ್ನೊಂದು ಕೈಗೆ ಹೋದಷ್ಟೂ ಮಗುವಿನ ಗಾಯ ದೊಡ್ಡದಾಗುತ್ತದೆ ಎಂಬುದು ಈಗ ನನಗೆ ಅರ್ಥವಾಗಿದೆ. ಆದರೆ ಕೇಡಿಗೂ ಗಾಬರಿಗೂ ವ್ಯತ್ಯಾಸವಿದೆ ಎಂದು ಕೋರ್ಟಿಗೆ ತಿಳಿಸಿ ಹೇಳಲು ನನಗೆ ಬಾಯಿಲ್ಲ. ಆ ಬಾಯಿಗಾಗಿಯೇ ನಿಮ್ಮಲ್ಲಿಗೆ ಬಂದದ್ದು.

ನಿಮ್ಮ ಕಚೇರಿಗೆ ಎರಡು ಬಾಗಿಲು. ಎಡಗಡೆ 'ಬಾಧಿತರು', ಬಲಗಡೆ 'ಆರೋಪಿಗಳು'. ನಡುವಿನ ಮೇಜಿನಲ್ಲಿ ಕೂತಿದ್ದ ಗುಮಾಸ್ತರು ತಲೆಯೆತ್ತದೆ ಕೇಳಿದರು.

"ಮಗು ಕಡೆಯವ್ರಾ, ಆರೋಪಿ ಕಡೆಯವ್ರಾ?"

"ಎರಡೂ ನಾನೇ ಸಾರ್."

"ಹಾಗೆಲ್ಲ ಆಗಲ್ಲಮ್ಮ. ಒಂದು ಹೇಳಿ."

"ಮಗು ನಮ್ಮದು. ಆರೋಪಾನೂ ನನ್ನ ಮೇಲೇ ಇದೆ."

"ಬೆಳಿಗ್ಗೆ ಬೆಳಿಗ್ಗೆ ನೀವೊಬ್ರು ಸಿಕ್ಕಿದ್ರಿ," ಎಂದು ಅವರು ಪೆನ್ನು ಕೆಳಗಿಟ್ಟರು. ಒಳ್ಳೆಯವರೇ. ಕುಡಿಯಲು ನೀರು ಕೊಟ್ಟರು. ಎಡಗಡೆಯ ಬಾಗಿಲಲ್ಲಿದ್ದ ವಕೀಲೆ ಮಗುವಿನ ಪರ ನಿಲ್ಲುವವರು, ವಯಸ್ಸು ಚಿಕ್ಕದು, ದನಿ ಮೆತ್ತಗಿತ್ತು. ನಾನು ಯಾರೆಂದು ತಿಳಿದ ಕೂಡಲೇ, "ನಾನು ನಿಮ್ಮ ಹತ್ರ ಈ ವಿಷಯ ಮಾತಾಡೋ ಹಾಗಿಲ್ಲ ಅಕ್ಕ, ನೀವು ಎದುರು ಪಕ್ಷ ಆಗ್ತೀರಿ," ಎಂದರು. ಎದುರು ಪಕ್ಷ. ಆ ಮಗುವಿಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕುವವಳು ನಾನು. ಬಲಗಡೆಯ ಬಾಗಿಲು ಹಾಕಿತ್ತು. ಮಕ್ಕಳ ವಿಷಯದ ಆರೋಪಿಗಳ ಪರ ಯಾರೂ ನಿಲ್ಲಬಾರದೆಂದು ಇಲ್ಲಿನ ವಕೀಲರೆಲ್ಲ ಸಭೆ ಸೇರಿ ತೀರ್ಮಾನ ಮಾಡಿದ್ದಾರಂತೆ. ಮಕ್ಕಳ ಮೇಲಿನ ಪ್ರೀತಿಯಿಂದ.

ಆ ಪ್ರೀತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಒಂದು ಮಾತು. ಸ್ಟುಡಿಯೋದವನಿಗೆ ವಕೀಲರಿದ್ದಾರೆ. ಪರವೂರಿನಿಂದ ಕರೆಸಿಕೊಂಡಿದ್ದಾನೆ. ಇಲ್ಲಿನ ತೀರ್ಮಾನ ಅವರಿಗೆ ತಾಗುವುದಿಲ್ಲವಲ್ಲ. ಅವರು ಲಾಡ್ಜಿನಲ್ಲಿ ಇಳಿದುಕೊಂಡಿದ್ದಾರೆ, ಲಾಡ್ಜಿನ ಬಟ್ಟೆಯೆಲ್ಲ ನಮ್ಮ ಲಾಂಡ್ರಿಗೇ ಬರುತ್ತದೆ. ಇವತ್ತು ಮಧ್ಯಾಹ್ನ ಅವರ ಕಪ್ಪು ಕೋಟಿಗೆ ಇಸ್ತ್ರಿ ಮಾಡಿದವಳು ನಾನು. ಕಾಲರು ಸುಟ್ಟುಬಿಡೋಣವೆನಿಸಿತು. ಸುಡಲಿಲ್ಲ. ಅದಕ್ಕೂ ಒಂದು ಕಲಮು ಇರುತ್ತದೆ ಎಂದು ಹೆದರಿದೆ. ಪಕ್ಕದ ಗೂಟಗಳಲ್ಲಿ ಇಲ್ಲಿನ ವಕೀಲರ ಕೋಟುಗಳು ಸಾಲಾಗಿ ತೂಗುತ್ತಿದ್ದವು. ಹೀಗೆ ಆ ವಕೀಲರ ಸಭೆಯ ತೀರ್ಮಾನದಿಂದ ವಕೀಲರಿಲ್ಲದೆ ಉಳಿದವಳು, ಬೇರೆ ಊರಿನಿಂದ ಯಾರನ್ನೂ ಕರೆಸಲಾಗದ ನಾನೊಬ್ಬಳೇ. ಇದು ಮಕ್ಕಳಿಗೆ ಸಿಕ್ಕ ರಕ್ಷಣೆಯೇ, ಸ್ಟುಡಿಯೋದವನಿಗೆ ಸಿಕ್ಕ ಅನುಕೂಲವೇ? ನೀವೇ ಹೇಳಿ.

ನನ್ನ ಹೆದರಿಕೆ ಜೈಲಿನದಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನಾನು ಆರೋಪಿಯಾದ್ದರಿಂದ ಹುಡುಗಿಯನ್ನು ಮಕ್ಕಳ ಆಶ್ರಯಕೇಂದ್ರದಲ್ಲಿ ಇಟ್ಟಿದ್ದಾರೆ. ಅವಳಪ್ಪ ಎಂದೋ ಬೇರೆ ಸಂಸಾರ ಕಟ್ಟಿಕೊಂಡು ಹೋದವನು, ಬರಲಿಲ್ಲ. ಇವತ್ತು ಸಂಜೆ ಅವಳೊಡನೆ ಫೋನಿನಲ್ಲಿ ಮಾತಾಡಲು ಬಿಟ್ಟರು.

"ಊಟ ಮಾಡಿದ್ಯಾ?"

"ಹ್ಞೂಂ. ಇಲ್ಲಿ ಸಾರು ನೀನು ಮಾಡೋ ಹಾಗೇ ಇದೆ, ನೀರು ನೀರು." ಒಂದು ಕ್ಷಣ ನಮ್ಮ ಹಳೆಯ ಹುಡುಗಿಯ ದನಿ ಕೇಳಿಸಿತು. ಆಮೇಲೆ ತೀರಾ ಸಣ್ಣಗೆ, "ಚಿಕ್ಕಿ, ನಾಳೆ ನಾನು ನಡೆದಿದ್ದೆಲ್ಲ ಹೇಳಿದ್ರೆ, ನೀನು ಫೋಟೋ ಕಳಿಸಿದ್ದೂ ಹೇಳ್ಬೇಕಾಗತ್ತಲ್ಲ. ಆಗ ನಿನ್ನ ಒಳಗೆ ಹಾಕ್ತಾರಂತೆ. ಇಲ್ಲಿ ಹುಡುಗೀರು ಹೇಳ್ತಿದ್ರು."

"ಅವರಿಗೇನು ಗೊತ್ತು, ಬಿಡು."

"ನಂಗೇನೂ ಗೊತ್ತಿಲ್ಲ, ಏನೂ ಆಗಿಲ್ಲ ಅಂದ್ಬಿಡ್ತೀನಿ ಚಿಕ್ಕಿ. ಅಮ್ಮನೂ ಇಲ್ಲ, ನೀನೂ ಒಳಗೆ ಹೋದ್ರೆ ನಾನೆಲ್ಲಿ ಹೋಗ್ಲಿ?"

ಹಾಗನ್ನಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳು ಎನ್ನುವಷ್ಟರಲ್ಲಿ ಅಲ್ಲಿನ ಮೇಲ್ವಿಚಾರಕಿ ಫೋನು ತೆಗೆದುಕೊಂಡರು. ಕೇಸಿನ ವಿಷಯ ಮಾತಾಡುವ ಹಾಗಿಲ್ಲವಂತೆ. ಆ ಒಂದು ಮಾತು ಹೇಳಹೋದದ್ದಕ್ಕೆ, ಸಾಕ್ಷಿಯನ್ನು ತಿದ್ದಲು ನೋಡಿದಳೆಂದು ನನ್ನ ಮೇಲೆ ಇನ್ನೊಂದು ಬರುತ್ತದೋ ಏನೋ. ಅಕ್ಕನಾಗಿದ್ದರೆ ಹೆದರುತ್ತಿರಲಿಲ್ಲ. ಸೂಜಿ ಚುಚ್ಚಲು ಬಂದ ನರ್ಸನ್ನೇ ಹೆದರಿಸಿ ಕಳಿಸಿದವಳು ಅವಳು. ನನಗೆ ಆ ಎದೆಯಿಲ್ಲ. ಈ ಸಾಲು ಬರೆಯುವಾಗಲೂ ಹೊರಗೆ ಯಾರದೋ ಬೈಕು ನಿಂತರೆ ಕಿವಿ ಅಲ್ಲೇ ಹೋಗುತ್ತದೆ.

ಹುಡುಗಿ ನಾಳೆ ಏನೂ ಆಗಿಲ್ಲ ಎಂದುಬಿಟ್ಟರೆ ಸ್ಟುಡಿಯೋದ ಬಾಗಿಲು ಮತ್ತೆ ತೆರೆಯುತ್ತದೆ, ಮಾನ್ಯರೇ. ಹೊಸ ಗುರುತಿನ ಚೀಟಿಗೆ ಮಕ್ಕಳು ಮತ್ತೆ ಅಲ್ಲಿಗೇ ಹೋಗುತ್ತಾರೆ.

ಆದ್ದರಿಂದ ಕೇಳುತ್ತಿದ್ದೇನೆ. ನಾಳೆ ಹನ್ನೊಂದು ಗಂಟೆಗೆ ಅವಳನ್ನು ಕರೆಯುವ ಮುಂಚೆ ನನಗೊಬ್ಬ ವಕೀಲರನ್ನು ಕೊಡಿ. ಇಲ್ಲಿನವರು ಒಪ್ಪದಿದ್ದರೆ ಬೇರೆ ಊರಿನಿಂದ ಕರೆಸಿ, ಸ್ಟುಡಿಯೋದವನಿಗೆ ಆದದ್ದು ಸರ್ಕಾರಕ್ಕೆ ಆಗದೇ? ಅದಕ್ಕೂ ಮೊದಲು, ಅವಳ ಪರವಾಗಿರುವ ಆ ವಕೀಲೆಯನ್ನು ಅವಳ ಪಕ್ಕದಲ್ಲಿ ಕೂರಿಸಿ, ಅವಳು ನಿಜ ಹೇಳಿದರೆ ನನಗೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿಸಿ. ಸುಳ್ಳು ಸಮಾಧಾನ ಬೇಡ. ನಾನು ಒಳಗೆ ಹೋಗಬೇಕಾಗಬಹುದು ಎಂದಾದರೆ ಅದನ್ನೂ ಹೇಳಲಿ, ಆಗ ಅವಳು ಎಲ್ಲಿರುತ್ತಾಳೆ, ಯಾರ ಜೊತೆ ಇರುತ್ತಾಳೆ ಎಂಬುದನ್ನೂ ಹೇಳಲಿ. ನಾನು ಹೇಳಿದರೆ ಅಪರಾಧ. ನೀವು ಹೇಳಿಸಿದರೆ ಅದು ಕಾನೂನು ನೆರವು.

ಇಂತಿ,
ನಾಳೆ ಹತ್ತು ಗಂಟೆಯಿಂದ ಕೋರ್ಟಿನ ಮೊದಲ ಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಕೂತಿರುವ,
ಎರಡನೇ ಆರೋಪಿ